ಸೋಡಾ ತಳದಲ್ಲೇ ಉಳಿಯಿತು, ಬಲೂನು ಊದಲಿಲ್ಲ: ಒಲೆ ಹಚ್ಚದ ಅಡುಗೆಮನೆ ಪ್ರಯೋಗಗಳಲ್ಲಿ ಎಲ್ಲಿ ತಪ್ಪುತ್ತಿದೆ?

ಪುಟ್ಟಚಮಚ ಕೇಳಿದ್ದು:

4ರಿಂದ 7 ವರ್ಷದ ಆರು ಮಕ್ಕಳಿಗೆ ಒಂದು ಗಂಟೆ ಪ್ರಯೋಗ ಮಾಡಿಸಬೇಕು. ಒಲೆ, ಮೇಣದಬತ್ತಿ, ಬೆಂಕಿಕಡ್ಡಿ ಯಾವುದೂ ಬೇಡ, ಅಡುಗೆಮನೆಯ ಸಾಮಾನೇ ಸಾಕು. ಪೂರ್ವಭಾವಿಯಾಗಿ ಮಾಡಿ ನೋಡಿದ ನಾಲ್ಕೂ ಕೈಕೊಟ್ಟಿವೆ. ಅಳತೆ ಸಮೇತ ಬರೆದಿದ್ದೇನೆ, ಎಲ್ಲಿ ಎಡವಟ್ಟಾಗಿದೆ ಹೇಳಿ.

ಬಲೂನು: ಅರ್ಧ ಲೀಟರ್ ಬಾಟಲಿ, ಒಂದು ದೊಡ್ಡ ಚಮಚ ಅಡುಗೆ ಸೋಡಾ, ಎರಡು ದೊಡ್ಡ ಚಮಚ ವಿನೆಗರ್. ಬುರಬುರ ನೊರೆ ಬಂತು, ಬಲೂನು ಸುಮ್ಮನೆ ತಲೆಯೆತ್ತಿ ನಿಂತಿತು, ಅಷ್ಟೇ. ತಳದಲ್ಲಿ ಬಿಳಿ ಪುಡಿ ಹಾಗೇ ಕೂತಿದೆ.

ನೇರಳೆ ಕ್ಯಾಬೇಜ್: ಹೆಚ್ಚಿ ನಲ್ಲಿ ನೀರಲ್ಲಿ ನೆನೆಸಿದೆ. ನೇರಳೆ ಬರುವ ಬದಲು ಕಡು ನೀಲಿ ಬಂತು. ನಿಂಬೆರಸಕ್ಕೆ ಗುಲಾಬಿಯಾಯಿತು, ಸೋಡಾ ಹಾಕಿದರೆ ಬಣ್ಣ ಬದಲಾಗಿದ್ದೇ ಕಾಣಲಿಲ್ಲ.

ಜೋಳದ ಹಿಟ್ಟು, ನೀರು: "ಗುದ್ದಿದರೆ ಗಟ್ಟಿ, ಬಿಟ್ಟರೆ ನೀರು" ಅಂತಾರಲ್ಲ, ಅದು. ಎರಡು ಪಾಲು ಹಿಟ್ಟಿಗೆ ಒಂದು ಪಾಲು ನೀರು ಹಾಕಿದೆ. ಆಗಿದ್ದು ತರಿತರಿ ಹಳದಿ ಮುದ್ದೆ.

ಕಾಳುಮೆಣಸಿನ ಪುಡಿ ಮತ್ತು ಸೋಪು: ಮೊದಲ ಸಲ ಚೆನ್ನಾಗಿ ಓಡಿತು. ಎರಡನೇ ಸಲ ಮೆಣಸು ಕದಲಲೇ ಇಲ್ಲ. ಆರು ಮಕ್ಕಳಿದ್ದಾರೆ, ಎಲ್ಲರಿಗೂ ಒಂದೊಂದು ಸಲ ಸಿಗಬೇಕಲ್ಲ?

ಇನ್ನೂ ಎರಡು ಮೂರು ಪ್ರಯೋಗ ಸೂಚಿಸಿದರೆ ಒಳ್ಳೇದು. 5 ವರ್ಷದ ಮಗು "ಯಾಕೆ?" ಅಂದಾಗ ಏನು ಹೇಳಬೇಕು ಅನ್ನುವುದೂ ಬೇಕು.

---

ಬೀಕರ್‌ಬೆಕ್ಕು:

ಬಲೂನಿನದ್ದು ಬರೀ ಅಳತೆಯ ತಪ್ಪು. ಟೀ ಚಮಚ ಅಂದರೆ 5 ಮಿ.ಲೀ., ದೊಡ್ಡ ಚಮಚ ಅಂದರೆ 15 ಮಿ.ಲೀ. ಅಂತ ಇಟ್ಟುಕೊಂಡು ಲೆಕ್ಕ ಹಾಕೋಣ.

84 ಗ್ರಾಂ ಸೋಡಾ ಪೂರ್ತಿ ಖರ್ಚಾಗೋಕೆ 60 ಗ್ರಾಂ ಅಸಿಟಿಕ್ ಆಮ್ಲ ಬೇಕು. ಅಡುಗೆ ವಿನೆಗರ್‌ನಲ್ಲಿ ಆಮ್ಲ ಇರೋದು ಶೇ 4ರಿಂದ 5, ಉಳಿದಿದ್ದೆಲ್ಲ ನೀರು. ನೀವು ಹಾಕಿದ 30 ಮಿ.ಲೀ. ವಿನೆಗರ್‌ನಲ್ಲಿ ಇದ್ದದ್ದು ಹೆಚ್ಚೆಂದರೆ ಒಂದೂವರೆ ಗ್ರಾಂ ಆಮ್ಲ. ಅದು ತಿನ್ನೋದು ಸುಮಾರು 2 ಗ್ರಾಂ ಸೋಡಾ, ಅಂದರೆ ಅರ್ಧ ಟೀ ಚಮಚಕ್ಕೂ ಕಡಿಮೆ. ನೀವು ಹಾಕಿದ್ದು 14 ಗ್ರಾಂ ಹತ್ತಿರ! ತಳದಲ್ಲಿ ಕೂತಿದ್ದು ಅದೇ. ಎಲ್ಲರೂ "ಇನ್ನಷ್ಟು ಸೋಡಾ ಹಾಕು" ಅಂತಾರೆ. ಕಮ್ಮಿ ಬೀಳೋದು ಯಾವಾಗಲೂ ವಿನೆಗರ್.

ನೆನಪಿಟ್ಟುಕೊಳ್ಳೋಕೆ: ಒಂದು ಮಟ್ಟಸ ಟೀ ಚಮಚ ಸೋಡಾಗೆ (ಸುಮಾರು 5 ಗ್ರಾಂ) 70 ಮಿ.ಲೀ. ವಿನೆಗರ್. ಇದರಿಂದ ಹೆಚ್ಚು ಕಡಿಮೆ 1.4 ಲೀಟರ್ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತೆ, ಬಲೂನು 14 ಸೆಂ.ಮೀ. ಅಗಲಕ್ಕೆ ಬರುತ್ತೆ. ದೊಡ್ಡದು ಬೇಕಾದರೆ ಎರಡು ಟೀ ಚಮಚಕ್ಕೆ 150 ಮಿ.ಲೀ. ಹಾಕಿ. ಆದರೆ ಆಗ ಒಂದು ಲೀಟರ್ ಬಾಟಲಿ ಬೇಕು, ಚಿಕ್ಕದರಲ್ಲಿ ನೊರೆ ಉಕ್ಕಿ ಬಲೂನಿನೊಳಗೇ ಹೋಗುತ್ತೆ.

ಮಾಡೋ ಕ್ರಮ. ಬಲೂನನ್ನ ಮೊದಲು ಎರಡು ಸಲ ಊದಿ, ಗಾಳಿ ಬಿಡಿ. ಹೊಸ ರಬ್ಬರ್ ಬಿಗಿ ಇರುತ್ತೆ, ಅಷ್ಟು ಕಡಿಮೆ ಒತ್ತಡಕ್ಕೆ ಹಿಗ್ಗೋದಿಲ್ಲ. ಒಣಗಿದ ಲಾಳಿಕೆಯಲ್ಲಿ ಸೋಡಾನ ಬಲೂನಿಗೆ ತುಂಬಿ, ಬಾಟಲಿಗೆ ವಿನೆಗರ್ ಹಾಕಿ. ಲಾಳಿಕೆ ಒದ್ದೆ ಇದ್ದರೆ ಪುಡಿ ಕತ್ತಿನಲ್ಲೇ ಕಟ್ಟಿಕೊಳ್ಳುತ್ತೆ. ಬಲೂನಿನ ಬಾಯಿ ಬಾಟಲಿಗೆ ಸಿಕ್ಕಿಸುವಾಗ ಅದು ಪಕ್ಕಕ್ಕೆ ಜೋತು ಬಿದ್ದಿರಲಿ. ಒಬ್ಬರು ಬಾಟಲಿ ಕತ್ತನ್ನ ಬಿಗಿ ಹಿಡಿಯಲಿ, ಆಮೇಲೆ ಮಗು ಬಲೂನನ್ನ ಮೇಲೆತ್ತಲಿ. ಅಲ್ಲಿ ಮಗುವಿನ ಅಂಗೈಯನ್ನ ಬಾಟಲಿಗೆ ತಾಗಿಸಿ. ತಣ್ಣಗಾಗಿರುತ್ತೆ! ಈ ಕ್ರಿಯೆ ಸುತ್ತಲಿನ ಶಾಖ ಎಳೆದುಕೊಳ್ಳುತ್ತೆ. ನನಗೆ ಕೇಳಿದರೆ ಬಲೂನಿಗಿಂತ ಇದೇ ಒಳ್ಳೇ ಪಾಠ, ಹೆಚ್ಚಿನವರು ಗಮನಿಸೋದೇ ಇಲ್ಲ.

ಮುಗಿದ ಮೇಲೆ ಬಲೂನಿನ ಬಾಯಿ ಗಂಟು ಹಾಕಿ. ಅಷ್ಟೇ ದೊಡ್ಡ ಇನ್ನೊಂದು ಬಲೂನನ್ನ ಪಂಪಿನಿಂದ ತುಂಬಿ. ಎರಡನ್ನೂ ಒಂದೇ ಎತ್ತರದಿಂದ ಒಟ್ಟಿಗೆ ಬಿಡಿ. ಬಾಟಲಿಯದ್ದು ಮೊದಲು ನೆಲ ಮುಟ್ಟುತ್ತೆ, ಯಾಕಂದರೆ ಒಳಗಿನ ಅನಿಲ ಗಾಳಿಗಿಂತ ಒಂದೂವರೆ ಪಟ್ಟು ಭಾರ.

ಎರಡು ಕಟ್ಟುನಿಟ್ಟು. ಬಾಟಲಿಗೆ ಮುಚ್ಚಳ ತಿರುಗಿಸಿ ಬಿಗಿ ಮಾಡೋದು ಯಾವ ಕಾರಣಕ್ಕೂ ಬೇಡ, ಸಿಡಿಯುತ್ತೆ. ಊದದ ಬಲೂನು, ಒಡೆದ ಬಲೂನಿನ ತುಂಡು ಚಿಕ್ಕ ಮಕ್ಕಳ ಗಂಟಲಿಗೆ ಅಪಾಯ, ಎಣಿಸಿ ಕೊಟ್ಟು ಎಣಿಸಿ ತೆಗೆದುಕೊಳ್ಳಿ.

ಇನ್ನೊಂದು ಮಾತು. ಬೇಕಿಂಗ್ ಪೌಡರ್ ಅಂದರೆ ಬೇರೆ, ಅದರಲ್ಲಿ ಸೋಡಾ ಜೊತೆ ಆಮ್ಲದ ಪುಡಿಯೂ ಪಿಷ್ಟವೂ ಸೇರಿರುತ್ತೆ, ಬರೀ ನೀರಿಗೇ ನೊರೆ ಬರುತ್ತೆ. ವಾಷಿಂಗ್ ಸೋಡಾ ಅಂತೂ ಮಕ್ಕಳ ಹತ್ತಿರವೇ ಬೇಡ, ಕಣ್ಣಿಗೆ ಬಿದ್ದರೆ ಸುಡುತ್ತೆ.

---

ನೀಲಿಲಿಟ್ಮಸ್:

ಕ್ಯಾಬೇಜ್ ವಿಷಯದಲ್ಲಿ ನೀವು ತಪ್ಪು ಮಾಡಿಲ್ಲ, ನಿಮ್ಮ ನಲ್ಲಿ ನೀರು ಉತ್ತರ ಹೇಳಿಬಿಟ್ಟಿದೆ. ಗಡಸು ನೀರು ಸಾಮಾನ್ಯವಾಗಿ ತುಸು ಕ್ಷಾರೀಯ, ಅಂದರೆ ಹುಳಿಗೆ ವಿರುದ್ಧ ಗುಣದ್ದು. ಕ್ಯಾಬೇಜಿನಲ್ಲಿರುವ ಆಂಥೋಸಯಾನಿನ್ ಎಂಬ ಬಣ್ಣ ಹುಳಿಯಲ್ಲಿ ಕೆಂಪು-ಗುಲಾಬಿ, ಪಿಎಚ್ (ಹುಳಿ-ಕ್ಷಾರದ ಅಳತೆ, ಅಂಕಿ ಏರಿದಷ್ಟೂ ಕ್ಷಾರ ಹೆಚ್ಚು) 7ರ ಆಸುಪಾಸಿನಲ್ಲಿ ನೇರಳೆ, 8 ದಾಟಿದರೆ ನೀಲಿ, ಇನ್ನೂ ಮೇಲೆ ಹಸಿರು, 12 ದಾಟಿದರೆ ಹಳದಿ. ನೀವು ಆಗಲೇ ನೀಲಿಯಲ್ಲಿದ್ದೀರಿ. ಸೋಡಾ ನೀರಿನ ಪಿಎಚ್ ಕೂಡ 8.3ರ ಹತ್ತಿರ. ನೀಲಿಯಿಂದ ನೀಲಿಗೆ ಹೋದರೆ ಏನು ಕಂಡೀತು?

ಪರಿಹಾರ ಸುಲಭ. ನೀಲಿ ನೀರಿಗೆ ವಿನೆಗರ್ ಹನಿ ಹನಿಯಾಗಿ ಬಿಡಿ, ನೇರಳೆಗೆ ತಿರುಗಿದ ಕೂಡಲೇ ನಿಲ್ಲಿಸಿ. ಅಥವಾ ಶುದ್ಧೀಕರಿಸಿದ ನೀರಲ್ಲೇ ನೆನೆಸಿ. ಹಸಿರು ಕಾಣಬೇಕಿದ್ದರೆ ಸೋಡಾ ಬದಲು ಮೈ ತೊಳೆಯುವ ಸೋಪಿನ ಬಿಲ್ಲೆಯನ್ನು ಉಜ್ಜಿದ ನೀರು ಹಾಕಿ, ಅದು ಸೋಡಾಗಿಂತ ಹೆಚ್ಚು ಕ್ಷಾರೀಯ. ಬ್ಲೀಚ್ ಹಾಕಬೇಡಿ. ಬಣ್ಣವನ್ನೇ ಅಳಿಸಿಹಾಕುತ್ತದೆ, ಅದು ಸೂಚಕದ (ಹುಳಿ, ಕ್ಷಾರಕ್ಕೆ ಬಣ್ಣ ಬದಲಿಸುವ ವಸ್ತುವಿನ) ಬದಲಾವಣೆಯಲ್ಲ. ಮೇಲಾಗಿ ವಿನೆಗರ್ ಜೊತೆ ಸೇರಿದರೆ ವಿಷಾನಿಲ ಬರುತ್ತದೆ.

ಇನ್ನೊಂದು ಅನುಮಾನವಿದೆ, ಏಕೆಂದರೆ "ಕಡು ನೀಲಿ" ಎಂದು ಬರೆದಿದ್ದೀರಿ. ದ್ರಾವಣ ದಟ್ಟವಾಗಿದ್ದರೆ ಬಣ್ಣ ಬದಲಾದರೂ ಕಣ್ಣಿಗೆ ಗೊತ್ತಾಗುವುದಿಲ್ಲ. ಲೋಟದ ಹಿಂದೆ ಬೆರಳಿಟ್ಟು ನೋಡಿ: ಬೆರಳು ಸ್ಪಷ್ಟವಾಗಿ ಕಾಣುವವರೆಗೆ ನೀರು ಬೆರೆಸಬೇಕು. ಬಿಳಿ ಹಾಳೆಯ ಮೇಲೆ ಲೋಟ ಇಡಿ.

ಒಲೆ ಬೇಡವೆಂದರೆ: ಒಂದು ಹಿಡಿ, ಅಂದರೆ ಸುಮಾರು 100 ಗ್ರಾಂ ಎಲೆಯನ್ನು ಸಣ್ಣಗೆ ಹೆಚ್ಚಿ, 300 ಮಿ.ಲೀ. ನೀರಿನ ಜೊತೆ ಜಿಪ್ ಚೀಲಕ್ಕೆ ಹಾಕಿ ಬಾಯಿ ಮುಚ್ಚಿ ಮಕ್ಕಳ ಕೈಗೆ ಕೊಡಿ. ಐದು ನಿಮಿಷ ಹಿಸುಕಲಿ, ಸಾಕಷ್ಟು ಬಣ್ಣ ಬಿಡುತ್ತದೆ. ಬಿಸಿ ನೀರಾದರೆ ಬೇಗ, ಆದರೆ ತಣ್ಣೀರೂ ಸಾಲುತ್ತದೆ. ಉಳಿದದ್ದನ್ನು ಫ್ರಿಜ್‌ನಲ್ಲಿ ಎರಡು ಮೂರು ದಿನ ಇಡಬಹುದು, ಆಮೇಲೆ ನಾತ ತಡೆಯಲಾಗದು. ಐಸ್ ಟ್ರೇಯಲ್ಲಿ ಹೆಪ್ಪುಗಟ್ಟಿಸಿದರೆ ಇನ್ನೂ ಸೊಗಸು: ನೇರಳೆ ಐಸ್ ತುಂಡನ್ನು ವಿನೆಗರ್ ಇರುವ ಬಿಳಿ ಬಟ್ಟಲಿಗೆ ಹಾಕಿದರೆ ಕರಗುತ್ತಾ ಅದರ ಅಂಚಿನಿಂದ ಗುಲಾಬಿ ಎಳೆಗಳು ಹೊರಡುತ್ತವೆ.

ನೇರಳೆ ಕ್ಯಾಬೇಜ್ ಸಿಗದಿದ್ದರೆ ಕೆಂಪು ದಾಸವಾಳದ ಎಸಳು ಆಗುತ್ತದೆ. ಅರಿಸಿನವೂ ಸೂಚಕವೇ, ಆದರೆ ಒಂದೇ ದಿಕ್ಕಿನದು. ಹುಳಿಯಲ್ಲೂ ಹಳದಿ, ಬರೀ ನೀರಲ್ಲೂ ಹಳದಿ, ಕ್ಷಾರದಲ್ಲಿ ಮಾತ್ರ ಕೆಂಪು. ನಿಂಬೆರಸ ಹಾಕಿ "ಏನೂ ಆಗಲಿಲ್ಲ" ಎನ್ನುವವರು ಬಹಳ. ಅರಿಸಿನವನ್ನು ನೀರಲ್ಲಿ ಕಲಸಿ ಒರಟು ಕಾಗದಕ್ಕೆ ಬಳಿದು ಒಣಗಿಸಿ, ಸೋಪಿನ ನೀರಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಚಿತ್ರ ಬರೆಯಲು ಬಿಡಿ. ಇಟ್ಟಿಗೆ ಕೆಂಪು ಗೆರೆ ಮೂಡುತ್ತದೆ, ಅದರ ಮೇಲೆ ನಿಂಬೆರಸ ಸವರಿದರೆ ಮತ್ತೆ ಹಳದಿ. ಬಟ್ಟೆಗೆ ಹತ್ತಿದ ಕಲೆಗೆ ಗಾಬರಿ ಬೇಡ, ತೊಳೆದು ಬಿಸಿಲಿಗೆ ಹಾಕಿದರೆ ಮಾಸುತ್ತದೆ.

---

ಹಿಟ್ಟುಗೈ:

ಮೂರನೆಯದರ ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. "ಹಳದಿ" ಅಂದಿರಲ್ಲ, ಅದು ಮೆಕ್ಕೆಜೋಳವನ್ನ ಹಾಗೇ ಬೀಸಿದ ಹಿಟ್ಟು. ಬೇಕಾಗಿರೋದು ಕಾರ್ನ್‌ಸ್ಟಾರ್ಚ್, ಅಂದರೆ ಕಾಳಿನಿಂದ ಬರೀ ಪಿಷ್ಟ ಬೇರೆ ಮಾಡಿದ ಅಚ್ಚ ಬಿಳಿ ಪುಡಿ. ತೊಂದರೆ ಏನಂದರೆ ಕೆಲವು ಪ್ಯಾಕೆಟ್ ಮೇಲೆ ಎರಡಕ್ಕೂ ಕಾರ್ನ್‌ಫ್ಲೋರ್ ಅಂತಲೇ ಇರುತ್ತೆ. ಹೆಸರು ನಂಬಬೇಡಿ, ಎರಡು ಬೆರಳಲ್ಲಿ ಹಿಸುಕಿ ನೋಡಿ. ಪಿಷ್ಟ ಟಾಲ್ಕಮ್ ಪೌಡರಿನಷ್ಟು ನುಣುಪು, ಒತ್ತಿದರೆ ಬೆರಳ ಮಧ್ಯೆ ಕಿರಕ್ ಅನ್ನುತ್ತೆ. ಹಿಟ್ಟು ತರಿತರಿ, ಸದ್ದು ಮಾಡಲ್ಲ. ಬಿಳಿ ಜೋಳದ ಹಿಟ್ಟೂ ಆಗಲ್ಲ, ಮೈದಾ ಆಗಲ್ಲ (ಅಂಟು ಬಂದು ಕಣಕ ಆಗುತ್ತೆ). ಆಲೂಗಡ್ಡೆ ಪಿಷ್ಟ ಆಗುತ್ತೆ.

ಒಂದು ಕಪ್ ಪಿಷ್ಟಕ್ಕೆ ಅರ್ಧ ಕಪ್ ನೀರು ಅನ್ನೋದು ಗುರಿ, ಆದರೆ ಒಂದೇ ಸಲ ಸುರಿಯಬೇಡಿ. ಮುಕ್ಕಾಲು ಭಾಗ ನೀರು ಹಾಕಿ, ಉಳಿದಿದ್ದನ್ನ ಚಮಚ ಚಮಚವಾಗಿ. ಚಮಚ ನಿಧಾನಕ್ಕೆ ಎಳೆದರೆ ಬರಬೇಕು, ಜೋರಾಗಿ ಎಳೆದರೆ ಬಟ್ಟಲೇ ಎದ್ದು ಬರೋ ಹಾಗಿರಬೇಕು. ಗುದ್ದಿದಾಗ ಮೇಲ್ಮೈಯಲ್ಲಿ ಒದ್ದೆ ಹೊಳಪು ಒಂದು ಕ್ಷಣ ಮಾಯವಾಗಿ ಮಂಕಾಗುತ್ತೆ, ಬಿಟ್ಟ ಕೂಡಲೇ ಮತ್ತೆ ಹೊಳೆಯುತ್ತೆ. ಅಳತೆ ಸರಿ ಬಂದಿದೆ ಅನ್ನೋದಕ್ಕೆ ಅದೇ ಗುರುತು. ಬಿಸಿ ನೀರು ಬೇಡ, 60 ಡಿಗ್ರಿ ದಾಟಿದರೆ ಪಿಷ್ಟ ಉಬ್ಬಿ ಗಂಜಿ ಆಗಿಬಿಡುತ್ತೆ. ಅರ್ಧ ಗಂಟೆ ಬಿಟ್ಟರೆ ತಳಕ್ಕೆ ಗಟ್ಟಿಯಾಗಿ ಕೂರುತ್ತೆ, ಕೆಟ್ಟಿಲ್ಲ, ಕೈಯಲ್ಲಿ ನಿಧಾನಕ್ಕೆ ಕೆಳಗಿನಿಂದ ಎಬ್ಬಿಸಿ. ಸಿಂಕಿಗೆ ಮಾತ್ರ ಸುರಿಯಬೇಡಿ, ಪೈಪಿನ ತಿರುವಲ್ಲಿ ಕೂತು ಕಟ್ಟಿಕೊಳ್ಳುತ್ತೆ. ಒಣಗಿಸಿ ಕಸಕ್ಕೆ ಹಾಕಿ.

ಮೆಣಸಿನದ್ದು: ಮೊದಲ ಸಲವೇ ಸೋಪು ನೀರಿನ ಮೇಲ್ಮೈ ಪೂರ್ತಿ ಹರಡಿರುತ್ತೆ. ಎರಡನೇ ಸಲ ಎಳೆದಾಡೋಕೆ ಬಿಗುವೇ ಇಲ್ಲ. ಪ್ರತಿ ಸಲ ಹೊಸ ನೀರು ಬೇಕು, ತಟ್ಟೆಯನ್ನ ನಾಲ್ಕೈದು ಸಲ ಬರೀ ನೀರಲ್ಲಿ ಜಾಲಿಸಬೇಕು. ಆರು ಮಕ್ಕಳಿಗೆ ಆರು ತಟ್ಟೆ ಇಡೋದೇ ಮೇಲು. ತಟ್ಟೆಯಲ್ಲಿ 1 ಸೆಂ.ಮೀ. ನೀರು, ನುಣ್ಣಗಿನ ಪುಡಿ ಒಂದು ಚಿಟಿಕೆ, ತರಿ ಆದರೆ ನೆನೆದು ಮುಳುಗುತ್ತೆ. ಮೊದಲು ಸೋಪಿಲ್ಲದ ಕಡ್ಡಿಯಿಂದ ಮುಟ್ಟಿಸಿ, ಏನೂ ಆಗಲ್ಲ. ಆಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್ ಹಚ್ಚಿದ ಕಡ್ಡಿ. ಈ "ಏನೂ ಆಗಲ್ಲ" ಅನ್ನೋದನ್ನ ಬಿಟ್ಟುಬಿಟ್ಟರೆ ಮಕ್ಕಳು ಕಡ್ಡಿಗೆ ಹೆದರಿ ಮೆಣಸು ಓಡಿತು ಅಂತ ತಿಳಿದುಕೊಳ್ಳುತ್ತವೆ. ತಮಾಷೆ ಅಲ್ಲ, ಆ ವಯಸ್ಸಿಗೆ ಅದು ನ್ಯಾಯವಾದ ಊಹೆಯೇ.

ಇದರದ್ದೇ ಅಣ್ಣ ಹಾಲು-ಬಣ್ಣ. ಕೆನೆ ಇರುವ ಹಾಲು, ಫ್ರಿಜ್‌ನಿಂದ ತೆಗೆದು ತಂಪು ಬಿಟ್ಟಿದ್ದು, ತಟ್ಟೆಯಲ್ಲಿ ಅರ್ಧ ಸೆಂ.ಮೀ. ನಾಲ್ಕು ಹನಿ ಬಣ್ಣ, ಮಧ್ಯದಲ್ಲಿ ಸೋಪಿನ ಹತ್ತಿಕಡ್ಡಿ ಇಟ್ಟು ಹಿಡಿದುಕೊಳ್ಳಿ. ಕಲಕಬಾರದು! ಕೊಬ್ಬು ತೆಗೆದ ಹಾಲಲ್ಲಿ ಆಟ ಬೇಗ ಮುಗಿಯುತ್ತೆ, ಕೆನೆಹಾಲಲ್ಲಿ ಸೋಪು ಕೊಬ್ಬನ್ನ ಹಿಡಿಯುತ್ತಾ ಹೋಗೋದರಿಂದ ಬಣ್ಣ ಇನ್ನೂ ಹೊತ್ತು ಸುರುಳಿ ಸುತ್ತುತ್ತೆ.

---

ತೇಲುಮಂಜು:

ಹೊಸದಕ್ಕೆ ನನ್ನ ಮತ ಎರಡಕ್ಕೆ.

ಎಣ್ಣೆಯಲ್ಲಿ ಬಣ್ಣದ ಐಸ್. ನೀರಿಗೆ ಬಣ್ಣ ಹಾಕಿ ಐಸ್ ಮಾಡಿಡಿ. ಉದ್ದನೆಯ ಗಾಜಿನ ಲೋಟದಲ್ಲಿ ಎರಡು ಬೆರಳು ನೀರು, ಮೇಲೆ ನಾಲ್ಕು ಬೆರಳು ಅಡುಗೆ ಎಣ್ಣೆ. ಐಸ್ ಬಿಡಿ. ನೀರಿನ ಸಾಂದ್ರತೆ 1 ಅಂದುಕೊಂಡರೆ ಐಸಿನದ್ದು 0.917, ಅಡುಗೆ ಎಣ್ಣೆಯದ್ದು ಸುಮಾರು 0.92, ಹಾಗಾಗಿ ಐಸ್ ಎಣ್ಣೆಯಲ್ಲಿ ತೇಲಿಯೂ ತೇಲದ ಹಾಗೆ ಪೂರ್ತಿ ಮುಳುಗಿ ನಿಲ್ಲುತ್ತದೆ. ಕರಗಿದ ನೀರು ಮಾತ್ರ ಎಣ್ಣೆಗಿಂತ ಭಾರ. ಐಸಿನ ಕೆಳಗೆ ಒಂದು ಹನಿ ದಪ್ಪಗಾಗುತ್ತಾ ಜೋತು ಬಿದ್ದು, ಕತ್ತು ಸಣ್ಣಗಾಗಿ ಕಳಚಿ, ದುಂಡು ಮಣಿಯಾಗಿ ಇಳಿಯುತ್ತದೆ. ನೀರಿನ ಮೇಲ್ಮೈಗೆ ತಲುಪಿದ ಕೂಡಲೇ ಬೆರೆಯುವುದಿಲ್ಲ. ಸುತ್ತಲಿನ ಎಣ್ಣೆಯ ತೆಳು ಪೊರೆ ಜಾರಿ ಹೋಗುವವರೆಗೆ ಅಲ್ಲೇ ಕೂತಿದ್ದು, ಆಮೇಲೆ ಪುಳಕ್ಕನೆ ಒಡೆದು ಬಣ್ಣ ಚೆಲ್ಲುತ್ತದೆ. 4 ವರ್ಷದ ಮಗು ಕೂಡ ಹತ್ತು ನಿಮಿಷ ಅಲ್ಲಾಡದೆ ನೋಡುವಂಥದ್ದು. ನೀರಿನಲ್ಲಿ ಕರಗುವ ಬಣ್ಣವೇ ಆಗಬೇಕು, ಎಣ್ಣೆಗೆ ಹತ್ತುವ ಬಣ್ಣ ಹಾಕಿದರೆ ಎಲ್ಲ ಹಾಳು.

ದಾರದಿಂದ ಐಸ್ ಎತ್ತುವುದು. ನೀರಲ್ಲಿ ತೇಲುವ ಐಸ್ ಮೇಲೆ ಒದ್ದೆ ಹತ್ತಿ ದಾರ ಇಟ್ಟು, ಒಂದು ಚಿಟಿಕೆ ಉಪ್ಪು ಉದುರಿಸಿ, ಒಂದರಿಂದ ಒಂದೂವರೆ ನಿಮಿಷ ಮುಟ್ಟದೆ ಕಾಯಿರಿ. ಉಪ್ಪು ಬಿದ್ದ ಜಾಗ ಕರಗುತ್ತದೆ, ಕರಗುವಾಗ ಸುತ್ತಲಿನ ಶಾಖ ಹೀರುತ್ತದೆ, ಉಪ್ಪು ತೆಳುವಾದ ಮೇಲೆ ದಾರದ ಸುತ್ತ ಮತ್ತೆ ಹೆಪ್ಪುಗಟ್ಟುತ್ತದೆ. ಉಪ್ಪು ಜಾಸ್ತಿಯಾದರೆ ಬರೀ ಕರಗುತ್ತದೆ. ನೈಲಾನ್ ದಾರ ನೀರು ಹೀರದ ಕಾರಣ ಜಾರಿಬಿಡುತ್ತದೆ. ಐಸ್ ಫ್ರೀಜರಿನಿಂದ ಆಗಷ್ಟೇ ತೆಗೆದದ್ದಾಗಿರಲಿ. ಉಪ್ಪು ಬೆರೆತ ಐಸನ್ನು ಮಕ್ಕಳು ಅಂಗೈಯಲ್ಲಿ ಅದುಮಿ ಹಿಡಿಯದಂತೆ ನೋಡಿಕೊಳ್ಳಿ, ಸೊನ್ನೆಗಿಂತ ಬಹಳ ಕೆಳಗೆ ಇಳಿದು ಚರ್ಮ ಸುಟ್ಟ ಹಾಗಾಗುತ್ತದೆ.

ಬೆಂಕಿ ಬೇಡ ಅಂದಿದ್ದೀರಿ. ಬೇಕು ಅನ್ನಿಸಿದರೆ ನೀರಿನ ತಟ್ಟೆಯಲ್ಲಿ ಮೇಣದಬತ್ತಿ ಹಚ್ಚಿ ಲೋಟ ಬೋರಲು ಹಾಕುವುದಿದೆ, ಆಮ್ಲಜನಕ ಖರ್ಚಾದ ಜಾಗಕ್ಕೆ ನೀರು ಏರುತ್ತದೆ.

---

ಬೀಕರ್‌ಬೆಕ್ಕು:

ತೇಲುಮಂಜು ಅವರೇ, ಕೊನೇ ಸಾಲಿಗೆ ನನ್ನ ತಕರಾರಿದೆ. ಬತ್ತಿ ಆರೋ ಹೊತ್ತಿಗೆ ಒಳಗೆ ಆಮ್ಲಜನಕ ಇನ್ನೂ ಸಾಕಷ್ಟು ಉಳಿದಿರುತ್ತೆ. ಖರ್ಚಾದ ಜಾಗದಲ್ಲಿ ಇಂಗಾಲದ ಡೈಆಕ್ಸೈಡ್ ಬೇರೆ ಹುಟ್ಟಿರುತ್ತೆ. ನೀರು ಸರ್ರನೆ ಏರೋದು ಬತ್ತಿ ಆರಿದ ಮೇಲೆ, ಬಿಸಿಗೆ ಹಿಗ್ಗಿದ್ದ ಗಾಳಿ ತಣ್ಣಗಾಗಿ ಕುಗ್ಗಿದಾಗ. ಮೂರು ಬತ್ತಿ ಇಟ್ಟರೆ ನೀರು ಇನ್ನೂ ಎತ್ತರ ಏರುತ್ತೆ, ಆಮ್ಲಜನಕ ಮೂರು ಪಟ್ಟು ಆಗಿರಲ್ಲವಲ್ಲ.

---

ತೇಲುಮಂಜು:

ಒಪ್ಪಿದೆ, ಹಳೇ ಅಭ್ಯಾಸಬಲ. ಆ ಸಾಲು ಬಿಟ್ಟು ಓದಿಕೊಳ್ಳಿ.

---

ಪುಟ್ಟಚಮಚ:

ಎಲ್ಲರಿಗೂ ಧನ್ಯವಾದ. ವಿನೆಗರ್‌ನಲ್ಲಿ ಮೊಟ್ಟೆ ಸಿಪ್ಪೆ ಕರಗಿಸುವುದು ಒಂದು ಗಂಟೆಯಲ್ಲಿ ಆಗುತ್ತಾ? ಮೊಟ್ಟೆ ಬೇಡ ಅಂದರೆ ಅದರ ಬದಲು ಏನು? ಆಲೂಗಡ್ಡೆ ಕಡ್ಡಿಯನ್ನು ಉಪ್ಪು ನೀರಲ್ಲಿ ಹಾಕಿದರೆ ತೇಲುತ್ತಿದೆ, ಅದು ಸರಿಯೇ?

---

ಹಿಟ್ಟುಗೈ:

ಮೊಟ್ಟೆಗೆ ಒಂದರಿಂದ ಎರಡು ದಿನ ಬೇಕು, ನಡುವೆ ಒಮ್ಮೆ ವಿನೆಗರ್ ಬದಲಿಸಬೇಕು. ಹಸಿ ಮೊಟ್ಟೆ ಮುಟ್ಟಿದ ಕೈ ಸೋಪಿನಲ್ಲಿ ತೊಳೆಯೋದು ಕಡ್ಡಾಯ. ಒಂದು ಗಂಟೆಗೆ ಆಲೂಗಡ್ಡೆ ಕಡ್ಡಿ ಉಪ್ಪು ನೀರಲ್ಲಿ ಬಾಡೋದನ್ನ ತೋರಿಸೋದೇ ಸರಿ.

ತೇಲುತ್ತಿದೆ ಅಂದರೆ ಉಪ್ಪು ಜಾಸ್ತಿ. ಆಲೂಗಡ್ಡೆ ಸಾಂದ್ರತೆ 1.08ರ ಹತ್ತಿರ. 200 ಮಿ.ಲೀ. ನೀರಿಗೆ ಎರಡು ದೊಡ್ಡ ಚಮಚ ಪುಡಿ ಉಪ್ಪು ಹಾಕಿದರೆ ನೀರು ಅದನ್ನ ಮೀರಿ ಭಾರವಾಗುತ್ತೆ, ಕಡ್ಡಿ ತೇಲುತ್ತೆ. ಒಂದೇ ಚಮಚ ಹಾಕಿ, ಮುಳುಗುತ್ತೆ, ಬಾಡೋಕೆ ಅಷ್ಟೇ ಸಾಕು. ತೇಲೋದನ್ನ ಬೇರೆ ಪ್ರಯೋಗವಾಗಿ ತೋರಿಸಿ, ಎರಡನ್ನೂ ಒಂದೇ ಲೋಟದಲ್ಲಿ ಬೆರೆಸಬೇಡಿ.

ಸಿಪ್ಪೆ ತೆಗೆದು ಅರ್ಧ ಸೆಂ.ಮೀ. ದಪ್ಪದ, ಬೆರಳುದ್ದದ ಕಡ್ಡಿ ಕತ್ತರಿಸಿ. ಇನ್ನೂ ದಪ್ಪವಾದರೆ ಒಂದು ಗಂಟೆ ಸಾಲದು. ಮೊದಲೇ ಕತ್ತರಿಸಿಟ್ಟರೆ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ, ನೀರಲ್ಲಿ ಹಾಕಿಟ್ಟರೆ ಆಟ ಆಗಲೇ ಶುರುವಾಗಿರುತ್ತೆ. ಒಂದು ಲೋಟ ಬರೀ ನೀರು, ಇನ್ನೊಂದು ಉಪ್ಪು ನೀರು, ಮೂರನೇ ಕಡ್ಡಿ ಹೊರಗೆ. ಬಿಡುವ ಮುಂಚೆ ಪ್ರತಿ ಕಡ್ಡಿಯ ಉದ್ದವನ್ನ ಕಾಗದದ ಮೇಲೆ ಗೆರೆ ಎಳೆದು ಗುರುತಿಸಿ.

---

ನೀಲಿಲಿಟ್ಮಸ್:

"ಯಾಕೆ" ಎಂಬುದಕ್ಕೆ: ಆಸ್ಮಾಸಿಸ್ (ಉಪ್ಪು ಹೆಚ್ಚಿರುವ ಕಡೆಗೆ ನೀರು ಸರಿಯುವುದು), ಪೃಷ್ಠ ಕರ್ಷಣ (ನೀರಿನ ಮೇಲ್ಮೈಯ ಬಿಗಿ) ಎಂಬ ಪದಗಳು ಈ ವಯಸ್ಸಿಗೆ ಉಪಯೋಗವಿಲ್ಲ. ಬಲೂನಿಗೆ "ಎರಡೂ ಸೇರಿ ಹೊಸ ಗಾಳಿ ಹುಟ್ಟಿತು, ಅದಕ್ಕೆ ಜಾಗ ಬೇಕಾಯಿತು" ಎಂದರೆ ಸಾಕು. ಮೆಣಸಿಗೆ "ನೀರಿನ ಮೇಲೆ ಬಿಗಿಯಾದ ಚರ್ಮದಂಥದ್ದಿದೆ, ಸೋಪು ಮುಟ್ಟಿದ ಕಡೆ ಅದು ಸಡಿಲವಾಯಿತು, ಉಳಿದ ಕಡೆಯದು ಮೆಣಸನ್ನು ಎಳೆದುಕೊಂಡಿತು." ಆಲೂಗಡ್ಡೆಗೆ "ಉಪ್ಪು ನೀರು ಒಳಗಿನ ನೀರನ್ನು ಹೊರಗೆ ಎಳೆಯಿತು." ಸೋಡಾ ನೊರೆಯನ್ನು ಜ್ವಾಲಾಮುಖಿ ಎಂದು ಕರೆಯುವುದು ನನಗೆ ಇಷ್ಟವಿಲ್ಲ. ನಿಜವಾದ ಜ್ವಾಲಾಮುಖಿಯಲ್ಲಿ ಹುಳಿಯೂ ಸೋಡಾವೂ ಸೇರುವುದಿಲ್ಲ, ಕರಗಿದ ಬಂಡೆಯಲ್ಲಿ ಅಡಗಿದ್ದ ಅನಿಲ ಒತ್ತಡ ಇಳಿದಾಗ ಹೊರಬರುತ್ತದೆ.

ವಿವರಿಸುವ ಮೊದಲು ಊಹೆ ಕೇಳಿ, ಕಾಗದದ ಮೇಲೆ ಬರೆದಿಡಿ.

---

ತೇಲುಮಂಜು:

ಒಂದು ಗಂಟೆಯ ಅನುಕ್ರಮ ಹೀಗಿಟ್ಟರೆ ಸಲೀಸು. ಮಕ್ಕಳು ಕೂತ ಕೂಡಲೇ ಆಲೂಗಡ್ಡೆ ಲೋಟಕ್ಕೆ, ಅದಕ್ಕೆ ಮುಕ್ಕಾಲು ಗಂಟೆಯಾದರೂ ಬೇಕು. ನಂತರ ಮೆಣಸು, ಕೈಗೆ ಸೋಪು ಅಂಟುವ ಮುಂಚೆ. ಆಮೇಲೆ ಕ್ಯಾಬೇಜ್ ಹಿಸುಕುವುದು, ಬಣ್ಣದ ಲೋಟಗಳು. ಐಸನ್ನು ಎಣ್ಣೆಗೆ ಬಿಟ್ಟು, ಅದು ಮಣಿ ಇಳಿಸುತ್ತಿರುವಾಗ ಪಕ್ಕದಲ್ಲಿ ಬಲೂನು. ಹಾಲು ಬೇಕಾದರೆ ಇನ್ನೊಂದು ದಿನಕ್ಕೆ. ಪಿಷ್ಟದ ಬಟ್ಟಲು ಎಲ್ಲಕ್ಕಿಂತ ಕಡೆಗೆ, ಅದಕ್ಕೆ ಕೈ ಹಾಕಿದ ಮೇಲೆ ಬೇರೆ ಯಾವುದನ್ನೂ ಮುಟ್ಟಿಸಲಾಗದು. ಆದರೆ ಅದಕ್ಕೂ ಮುಂಚೆ, 50ನೇ ನಿಮಿಷಕ್ಕೆ ಆಲೂಗಡ್ಡೆ ಕಡ್ಡಿಗಳನ್ನು ತೆಗೆದು ಗೆರೆಯ ಮೇಲಿಟ್ಟು ನೋಡಿ, ಆಮೇಲೆ ಬಗ್ಗಿಸಿ: ಬರೀ ನೀರಿನದ್ದು ಲಟಕ್ಕನೆ ಮುರಿಯುತ್ತದೆ, ಉಪ್ಪಿನದ್ದು ರಬ್ಬರಿನ ಹಾಗೆ ಬಾಗುತ್ತದೆ.